ಅಂಗೈಯಲ್ಲಿ ಬೆಳಕು ಅಳೆದ ಸಿದ್ರಾಮ ಕಾಕಾ

ಸಿದ್ರಾಮ ಕಾಕಾ ಎಲ್ಲಿಂದ ಹೊರಗೆ ಬಂದರೂ ಮೊದಲು ಬಲಗೈ ಮುಂದೆ ಚಾಚಿ ಅಂಗೈಯನ್ನು ಆಕಾಶಕ್ಕೆ ತೋರಿಸುತ್ತಿದ್ದರು. ಲೋಕಲ್ ರೈಲು ಇಳಿದರೆ ಪ್ಲಾಟ್‌ಫಾರ್ಮಿನ ಸೂರು ಮುಗಿಯುವಲ್ಲಿ, ಗುಡಿಯಿಂದ ಬಂದರೆ ಚಪ್ಪಲಿ ಹುಡುಕುವ ಮೊದಲೇ. ಅಕ್ಕಪಕ್ಕದವರು ಮಳೆ ಹನಿಯುತ್ತಿದೆಯೇನೋ ಎಂದು ತಾವೂ ಕೈ ಚಾಚುವುದಿತ್ತು. ಒಮ್ಮೆ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಬಳಿ ಯಾರೋ ಪುಣ್ಯಾತ್ಮರು ಆ ಅಂಗೈಗೆ ಒಂದು ನಾಣ್ಯ ಹಾಕಿ ಹೋದರು. ಕಾಕಾಗೆ ಬೇಜಾರಾಗಲಿಲ್ಲ. "ಬೆಳಕ ಅಳೆಯಾಕ ನಿಂತಿದ್ದೆ, ಚಾದ ಖರ್ಚ ಬಂತು" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕರು.

ಅವರು ಅಳೆಯುತ್ತಿದ್ದುದು ಬೆಳಕನ್ನೇ. ಬೆರಳಿನ ನೆರಳು ಅಂಗೈ ಮೇಲೆ ಎಷ್ಟು ಗಟ್ಟಿಯಾಗಿ ಬೀಳುತ್ತದೆ ಎಂದು ನೋಡಿ, ಕ್ಯಾಮೆರಾವನ್ನು ಆ ಅಂಗೈಗೇ ಹಿಡಿದು ಸೆಟ್ಟಿಂಗ್ ಹೊಂದಿಸಿ, ಆಮೇಲೆ ಗುಡ್ಡದ ಕಡೆ ತಿರುಗುತ್ತಿದ್ದರು. "ಮಾರಿ ಒಬ್ಬೊಬ್ಬರ್ದು ಒಂದೊಂದು ಬಣ್ಣ. ಅಂಗೈ ಎಲ್ಲಾರ್ದೂ ಹೆಚ್ಚೂಕಮ್ಮಿ ಒಂದ" ಎನ್ನುವುದು ಅವರ ವಾದ. ನಾನು ಬೆಳಕು ಅಳೆಯುವ ಆ್ಯಪ್ ಹುಡುಕಲು ಫೋನ್ ತೆಗೆದರೆ ಸಾಕು, "ಅಂಗೈ ಹುಣ್ಣಿಗೆ ಕನ್ನಡಿ ಯಾಕ ತಂಗಿ?" ಎಂದು ಕಿಚಾಯಿಸುತ್ತಿದ್ದರು.

ಕಾಕಾ ವಿಜಯಪುರದ ಕಡೆಯವರು. ಡೊಂಬಿವಲಿ ಪೂರ್ವದಲ್ಲಿ, ತರಕಾರಿ ಮಾರುಕಟ್ಟೆಯ ಹಿಂದೆ, ಒಂದು ಫೋಟೋ ಸ್ಟುಡಿಯೊ ಇಟ್ಟುಕೊಂಡಿದ್ದರು. ಪಾಸ್‌ಪೋರ್ಟ್ ಸೈಜಿನ ಫೋಟೋ, ಮದುವೆ, ನಾಮಕರಣ, ಇವು ಹೊಟ್ಟೆಪಾಡು. ಭಾನುವಾರ ಬಂತೆಂದರೆ ಬಾಗಿಲು ಎಳೆದು ಹೆಂಡತಿ ಗಂಗಾ ಕಾಕುವನ್ನು ಕರೆದುಕೊಂಡು ಬಸ್ಸೋ ಟ್ರೇನೋ ಹತ್ತಿಬಿಡುತ್ತಿದ್ದರು. ಅಂಗಡಿಯ ಗೋಡೆ ಮೇಲೆ ಒಂದೇ ಒಂದು ಮದುಮಕ್ಕಳ ಚಿತ್ರವಿರಲಿಲ್ಲ. ಬರೀ ಗುಡ್ಡ, ಕಣಿವೆ, ನದಿ. ಪ್ರತಿ ಚಿತ್ರದ ಮೂಲೆಯಲ್ಲೂ ಕಡಲೆಕಾಳಿನಷ್ಟು ಚಿಕ್ಕದಾಗಿ ಗಂಗಾ ಕಾಕು ನಿಂತಿರುತ್ತಿದ್ದರು. "ಮನಶ್ಯಾ ಇಲ್ದ ಗುಡ್ಡದ ಎತ್ತರ ತಿಳಿಯಂಗಿಲ್ಲ" ಎಂದು ಕಾಕಾ ವಿವರಿಸಿದರೆ, ಕಾಕು ಚಹಾ ಸೋಸುತ್ತಾ, "ಮದಿವ್ಯಾಗಿ ಬಂದಿದ್ದು ಸಂಸಾರಕ್ಕ, ಆಗಿದ್ದು ಅಳತಿಕೋಲು" ಎನ್ನುತ್ತಿದ್ದರು.

ಆ ಚಿತ್ರಗಳಲ್ಲಿ ಇತ್ತೀಚಿನವಕ್ಕೆಲ್ಲ ಒಂದು ನೀಲಿ ಛಾಯೆ ಇತ್ತು. ನಡುಹಗಲಿನ ಗುಡ್ಡವೂ ಬೆಳದಿಂಗಳಲ್ಲಿ ಮಿಂದಂತೆ. ಇದು ದೊಡ್ಡವರ ಶೈಲಿ ಇರಬೇಕೆಂದು ನಾನು ಗೌರವದಿಂದ ಸುಮ್ಮನಿದ್ದೆ.

ನಾನು ಮೈಸೂರಿನವಳು, ಐರೋಳಿಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ವಾರವಿಡೀ ಪರದೆಯನ್ನೇ ದಿಟ್ಟಿಸಿ ತಲೆಕೆಟ್ಟು, ಹಠಕ್ಕೆ ಬಿದ್ದು ಒಂದು ಒಳ್ಳೆಯ ಕ್ಯಾಮೆರಾ ಕೊಂಡಿದ್ದೆ. ಮೊದಲ ದಂಡಯಾತ್ರೆ ನೆರೂಳದ ಜೌಗಿಗೆ, ಫ್ಲೆಮಿಂಗೊ ನೋಡಲು. ಹಕ್ಕಿಗಳು ಸಾಲಾಗಿ ಎದ್ದು ಹಾರಿದವು, ನಾನೂ ಒತ್ತಿದೆ, ಒತ್ತುತ್ತಲೇ ಇದ್ದೆ. ಪ್ರಿಂಟ್ ಹಾಕಿಸಲು ಕಾಕಾನ ಅಂಗಡಿಗೆ ಹೋದರೆ ಅವರು ಚಿತ್ರವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿ, "ಹಕ್ಕಿ ಎಲ್ಲಿ ಅದಾವ ತಂಗಿ? ಯಾರೋ ಕುಂಕುಮ ಚೆಲ್ಯಾರ ಇಲ್ಲಿ" ಎಂದರು. ನನಗೆ ಸಿಟ್ಟು ಬಂತು. ಆದರೆ ಕುಂಕುಮ ಚೆಲ್ಲಿದಂತೆಯೇ ಇತ್ತು, ಏನು ಮಾಡಲಿ.

ಅಂದೇ ಪಾಠ ಶುರುವಾಯಿತು. ಕ್ಯಾಮೆರಾ ಮುಟ್ಟುವ ಮೊದಲು ಪ್ರಶ್ನೆ ಕೇಳಿಕೊಳ್ಳಬೇಕು ಎಂಬುದು ಅವರ ಪದ್ಧತಿ. "ಏನ ಓಡಾಕತ್ತೈತಿ? ಹಕ್ಕಿ ಓಡಾಕತ್ತಿದ್ರ ಶಟರ್ ಚುರುಕ ಇರ್ಲಿ. ಏನೇನು ನಿಚ್ಚಳ ಕಾಣಬೇಕು? ಕಾಲಾಗಿನ ಹುಲ್ಲೂ ದೂರದ ಗುಡ್ಡಾನೂ ಎರಡೂ ಬೇಕಂದ್ರ ಲೆನ್ಸಿನ ಕಿಂಡಿ ಸಣ್ಣದ ಮಾಡು. ಇಷ್ಟಾದ ಮ್ಯಾಲ ಬೆಳಕ ಸಾಲಲಿಲ್ಲ ಅಂದ್ರ ಅಷ್ಟ ಐಎಸ್‌ಒ ಏರ್ಸು. ಅದು ಖಾರದಪುಡಿ ಇದ್ದಂಗ. ಹೆಚ್ಚಾತೋ, ಬರೇ ಅದ ಎದ್ದ ಕಾಣ್ತೈತಿ." ನಾನು ಹೋದ ಜಾಗದಲ್ಲೆಲ್ಲ ಈ ಪ್ರಶ್ನೆಗಳನ್ನು ಬಾಯಲ್ಲಿ ಗೊಣಗಿಕೊಂಡೇ ಕ್ಯಾಮೆರಾ ತೆಗೆಯುವುದು ರೂಢಿಯಾಯಿತು. ಮುಂದಿನ ಚಳಿಗಾಲಕ್ಕೆ ನನ್ನ ಫ್ಲೆಮಿಂಗೊಗಳಿಗೆ ಕಾಲು, ಕೊಕ್ಕು ಎಲ್ಲ ಬಂದವು.

ಒಂದು ವಿಷಯದಲ್ಲಿ ಮಾತ್ರ ಕಾಕಾ ಯಾವ ನಿಯಮವನ್ನೂ ಒಪ್ಪುತ್ತಿರಲಿಲ್ಲ. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ವೈಟ್ ಬ್ಯಾಲೆನ್ಸ್ ಎಂಬ ಹೊಂದಾಣಿಕೆ ಇರುತ್ತದೆ. ಬಿಸಿಲಿಗೆ ಒಂದು ಅಂಕಿ, ಮೋಡಕ್ಕೆ ಒಂದು, ದೀಪದ ಹಳದಿಗೆ ನೀಲಿ ಬೆರೆಸಿ ಬಿಳಿ ಮಾಡಲು ಒಂದು. ನನಗೆ ಆ ಅಂಕಿಗಳನ್ನು ಬಾಯಿಪಾಠ ಮಾಡಿಸಿದವರೇ ಅವರು. ತಾವು ಮಾತ್ರ ಅಂಕಿ ನೋಡದೆ, ಪರದೆಯಲ್ಲಿ ಬಿಳಿ ಬಿಳಿಯಾಗಿ ಕಾಣುವ ತನಕ ಅದರ ಚಕ್ರ ತಿರುಗಿಸುತ್ತಿದ್ದರು. "ನಂಬರ್ ನಿಮ್ಮಂಥಾ ಕಲಿಯೋರಿಗೆ. ನನ್ನ ಕಣ್ಣ ನನಗ ಸಾಕು."

ಕಳೆದ ಮಳೆಗಾಲದಲ್ಲಿ ಮೂವರೂ ಪಕ್ಕದ ಕಲ್ಯಾಣದಿಂದ ಸರ್ಕಾರಿ ಎಸ್‌ಟಿ ಬಸ್ಸು ಹಿಡಿದು ಮಾಳಶೇಜ್ ಘಾಟಿಗೆ ಹೋದೆವು. ಇಳಿಯುತ್ತಲೇ ಕಾಕಾ ಮಂಜಿಗೆ ಅಂಗೈ ಚಾಚಿದರು. ಎದುರಿನ ಬಂಡೆಯಿಂದ ನೀರು ಬೀಳುತ್ತಿತ್ತು. ಕಾಕುವನ್ನು ತಡೆಗೋಡೆಯ ಈಚೆ ನಿಲ್ಲಿಸಿ, ಕ್ಯಾಮೆರಾದಲ್ಲಿ ಕಣ್ಣಿಟ್ಟವರು ತಟ್ಟನೆ ರೇಗಿದರು.

"ಗಂಗಾ, ಮತ್ತ ಆ ಕರೀ ಸೀರಿ ಉಟ್ಟಿ? ನೀಲಿ ಉಡು ಅಂತ ಹೇಳಿದ್ನಿಲ್ಲೋ?"

"ನೀಲೀನ ಐತ್ರಿ ಇದು" ಎಂದರು ಕಾಕು. "ವರ್ಷದಿಂದ ಹೇಳಾಕತ್ತೀನಿ. ನೀವು ಕೇಳಿದ್ರ ತಾನ?"

"ಕರೇದು ಐತಿ. ನನಗ ಬಣ್ಣ ಕಲಿಸ್ತಿ?"

ಅದು ಅಪ್ಪಟ ನೀಲಿ ಇಳಕಲ್ ಸೀರೆ. ಕಾಕು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನನಗೆ ಮಾತ್ರ ಅದು ತಮಾಷೆ ಅನ್ನಿಸಲಿಲ್ಲ. ನಮ್ಮಜ್ಜಿಯ ಕಣ್ಣಿಗೆ ಪೊರೆ ಬಂದಾಗ ಆಕೆಗೂ ಬಿಳಿ ಸೀರೆ ಕೊಳೆಯಾದಂತೆ ಹಳದಿ ಕಾಣುತ್ತಿತ್ತು, ನೀಲಿ ಕಪ್ಪು ಒಂದೇ ಆಗಿತ್ತು. ಕಾಕಾನ ಕಣ್ಣಿಗೆ ಲೋಕವೆಲ್ಲ ಹಳದಿಯಾಗಿದೆ. ಆ ಹಳದಿಯನ್ನು ಕಳೆಯಲು ಅವರು ಕ್ಯಾಮೆರಾವನ್ನು ನೀಲಿಗೆ ತಿರುಗಿಸುತ್ತಿದ್ದಾರೆ. ನಾನು ಶೈಲಿ ಅಂದುಕೊಂಡಿದ್ದು ಪೊರೆಯ ಕೆಲಸ. ಅಂಗಡಿಯೊಳಗೆ ದೀಪ, ಕ್ಯಾಮೆರಾ ಎರಡೂ ವರ್ಷಗಟ್ಟಲೆ ಒಂದೇ ಸೆಟ್ಟಿಂಗಿನಲ್ಲಿ ಇದ್ದುದರಿಂದ ಗಿರಾಕಿಗಳ ಫೋಟೋ ಸರಿಯಾಗಿಯೇ ಬರುತ್ತಿತ್ತು. ತಪ್ಪುತ್ತಿದ್ದುದು ತಿರುಗಾಟದಲ್ಲಿ ಮಾತ್ರ.

ವಾಪಸು ಬರುವಾಗ ಬಸ್ಸಿನಲ್ಲಿ, ಕಾಕಾ ತೂಕಡಿಸುತ್ತಿದ್ದಾಗ, ಕಾಕುವಿಗೆ ಹೇಳಿದೆ. ಆಕೆ ಕಿಟಕಿಯ ಕಡೆ ಮುಖ ಮಾಡಿದರು. "ಡಾಕ್ಟರು ಹೋದ ವರ್ಷನ ಹೇಳ್ಯಾರವ್ವ. ತಡಾ ಮಾಡಿದಷ್ಟೂ ಕಷ್ಟ ಅಂದಾರ. ಇವರ ಅಣ್ಣಾಗ ಹಿಂದ ಆಪರೇಶನ್ ಕೆಟ್ಟು ಒಂದು ಕಣ್ಣ ಹೋತು. ಅದಕ್ಕ ಇವರು ಆ ಮಾತ ಎತ್ತಾಕ ಬಿಡಂಗಿಲ್ಲ. ನಾ ಹೇಳಿದ್ರ ಜಗಳ. ನೀನರೇ ಹೇಳು."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮರುವಾರ ಅಂಗಡಿಗೆ ಹೋಗಿ, ಸುತ್ತುಬಳಸದೆ, "ಕಾಕಾ, ನಿಮ್ಮ ಫೋಟೋ ಎಲ್ಲ ನೀಲಿ ಬರ್ತಿವೆ. ಕ್ಯಾಮೆರಾದ್ದಲ್ಲ, ಕಣ್ಣಿಂದು" ಎಂದೆ. ಅವರ ಮುಖ ಬಿಗಿಯಿತು. "ಈ ಕಣ್ಣಿನ ಮ್ಯಾಲ ಮನಿ ನಡಸೀನಿ, ಮಗಳ ಮದಿವಿ ಮಾಡೀನಿ. ಕುಂಕುಮದಂಥಾ ಹಕ್ಕಿ ತಗದಾಕಿ ನೀ ನನಗ ಹೇಳ್ತಿ?" ಎಂದು ಒಳಗೆ ಹೋದವರು ನಾನಿರುವ ತನಕ ಹೊರಗೆ ಬರಲಿಲ್ಲ. ಫೋನನ್ನೂ ಎತ್ತಲಿಲ್ಲ. ನನಗೆ ಅಳು ಬಂತು, ಹೆದರಿಕೆಯೂ ಆಯಿತು. ಈ ಮನುಷ್ಯ ಹಠದಲ್ಲೇ ಕತ್ತಲೆಗೆ ನಡೆದುಬಿಟ್ಟರೆ?

ಸಮಸ್ಯೆ ಏನೆಂದರೆ, ಚಿತ್ರ ತೋರಿಸಿ ಒಪ್ಪಿಸುವಂತಿರಲಿಲ್ಲ. ತಪ್ಪನ್ನು ನೋಡಬೇಕಾದದ್ದೂ ಅದೇ ಕಣ್ಣು. ಅವರಿಗೆ ಆ ಚಿತ್ರ ಸರಿಯಾಗಿಯೇ ಕಾಣುತ್ತದೆ. ಲೋಕಲಿನಲ್ಲಿ ಜೋತು ನಿಂತು ಯೋಚಿಸುವಾಗ ದಾರಿ ಹೊಳೆಯಿತು, ಅದೂ ಅವರೇ ಕಲಿಸಿದ್ದು.

ಬಿಸಿಲು ಬಿದ್ದ ಒಂದು ಮಧ್ಯಾಹ್ನ ಮತ್ತೆ ಹೋದೆ. "ಜಗಳಕ್ಕೆ ಬಂದಿಲ್ಲ ಕಾಕಾ, ಪಾಠಕ್ಕೆ ಬಂದಿದ್ದೀನಿ. ನಿಮ್ಮ ಅಂಗೈದೊಂದು ಫೋಟೋ ತೆಗೀರಿ" ಎಂದೆ. ಪಾಠ ಎಂದರೆ ಅವರು ಇಲ್ಲ ಎನ್ನಲಾರರು. ಬಾಗಿಲಾಚೆ ಬಂದು, ಅಂಗೈ ಚಾಚಿ, ಎಂದಿನಂತೆ ಕಣ್ಣಿಗೆ ಸರಿ ಕಾಣುವ ತನಕ ತಿರುಗಿಸಿ ತೆಗೆದರು.

"ಚಿತ್ರ ಬೇಡ. ನಂಬರ್ ಎಷ್ಟಿದೆ, ಓದಿ."

ಅವರು ಕ್ಯಾಮೆರಾವನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ತಲೆ ಎತ್ತಿ ಸೂರ್ಯನನ್ನು ನೋಡಿದರು.

"ಮೂರು ಸಾವಿರ" ಎಂದರು ಮೆಲ್ಲಗೆ. "ಇದು ಹಳೇ ಹಳದಿ ಬಲ್ಬಿನ ನಂಬರ. ಇಷ್ಟ ಬಿಸಿಲಾಗ ನಿಂತು ನಾ ಬಲ್ಬಿನ ನಂಬರ ಹಾಕೀನಿ."

ಒಳಗಿಂದ ಕಾಕುವೂ ಬಂದು ನಿಂತಿದ್ದರು. ಕಾಕಾ ಚಾಚಿದ ಅಂಗೈಯನ್ನು ಮಡಚಲೇ ಇಲ್ಲ, ಅದನ್ನೇ ನೋಡುತ್ತಿದ್ದರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕ ಅಂತ ಊರಿಗೆಲ್ಲಾ ಹೇಳ್ತಿದ್ದೆ. ನನಗ ಕನ್ನಡಿ ಬೇಕಾತು ನೋಡು" ಎಂದು ನಕ್ಕರು. ಆ ನಗೆಯ ಹಿಂದೆ ಹೆದರಿಕೆ ಇತ್ತು; ಆದರೂ ಅಂದೇ ಕಾಕುವಿಗೆ ಡಾಕ್ಟರ ಚೀಟಿ ಹುಡುಕಲು ಹೇಳಿದರು.

ಠಾಣೆ ಊರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಒಂದು ಕಣ್ಣಿನ ಆಪರೇಶನ್ ಆಯಿತು. ಹಿಂದಿನ ದಿನ ಅಣ್ಣನ ಮಾತೆತ್ತಿ ಮಗುವಿನ ಹಾಗೆ ಕಾಕುವಿನ ಸೆರಗು ಹಿಡಿದು ಕೂತಿದ್ದರಂತೆ. ಪಟ್ಟಿ ಬಿಚ್ಚಿದ ದಿನ ನಾನೂ ಹೋಗಿದ್ದೆ. ಮಳೆಗಾಲದ ಊರು, ಕಿಟಕಿಯಾಚೆ ಸಾಲುಮನೆಗಳ ಚಾಳಿನ ಮಾಡುಗಳ ಮೇಲೆಲ್ಲ ಮಳೆ ತಡೆಯಲು ನೀಲಿ ತಾಡಪತ್ರಿ ಹೊದಿಸಿತ್ತು. ದಿನಾ ನೋಡಿ ನೋಡಿ ನಾವು ಯಾರೂ ನೋಡದ ತಾಡಪತ್ರಿ. ಕಾಕಾ ಆ ಕಣ್ಣು ಮುಚ್ಚಿ ಈ ಕಣ್ಣು, ಈ ಕಣ್ಣು ಮುಚ್ಚಿ ಆ ಕಣ್ಣು ಮಾಡುತ್ತಾ, "ಈ ಕಣ್ಣಾಗ ಒಂದು ಊರು, ಆ ಕಣ್ಣಾಗ ಇನ್ನೊಂದು. ಇಷ್ಟು ನೀಲಿ ಇತ್ತೇನವ್ವಾ ಇಲ್ಲಿ!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನರ್ಸ್ ಅಳಬಾರದೆಂದು ಗದರಿಸಿದಳು. ಅವರು ಕಾಕುವಿನ ಕಡೆ ತಿರುಗಿ, "ಗಂಗಾ, ನಿನಗ ವಯಸ್ಸಾಗೈತಲ್ಲ!" ಎಂದರು. "ಈಗರೇ ಕಂಡ್ತಲ್ಲ" ಎಂದರು ಕಾಕು.

ಎರಡನೆಯ ಕಣ್ಣೂ ಮುಗಿದ ಮೇಲೆ ಮನುಷ್ಯನನ್ನು ಹಿಡಿಯುವವರಿಲ್ಲ. ತೆಗೆದದ್ದನ್ನೆಲ್ಲ ಮತ್ತೆ ತೆಗೆಯಬೇಕೆಂಬ ಹುಚ್ಚು. ಮಗಳು ರತ್ನಾಗಿರಿಯಲ್ಲಿದ್ದಾಳೆ, ಅಲ್ಲಿ ಸಮುದ್ರವಿದೆ, ಅಲ್ಲಿಂದಲೇ ಶುರು ಎಂದು ಅಂಗಡಿ ಬಿಟ್ಟುಕೊಟ್ಟು ಹೊರಟೇಬಿಟ್ಟರು. ಆ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಹಾದುಹೋಗುವಾಗ ಒಳಗೆ ಇಣುಕುವ ಅಭ್ಯಾಸ ನನಗಿನ್ನೂ ಹೋಗಿಲ್ಲ. ಅವರಿಲ್ಲದ ಭಾನುವಾರ ಬಹಳ ಉದ್ದ. ಆದರೂ ಎಲ್ಲಿಗೆ ಹೋದರೂ ಇಳಿಯುತ್ತಲೇ ಅಂಗೈ ಚಾಚುತ್ತೇನೆ. ಇನ್ನೂ ಯಾರೂ ನಾಣ್ಯ ಹಾಕಿಲ್ಲ.

ಕೊನೆಯ ಸಲ ನೋಡಿದ್ದು ಠಾಣೆ ಸ್ಟೇಷನ್ನಿನಲ್ಲಿ, ಬೆಳಿಗ್ಗೆ, ಕೊಂಕಣದ ಗಾಡಿಗೆ ಕಾಯುತ್ತಾ. ಮೂಟೆಗಳ ನಡುವೆ ಕಾಕುವನ್ನು ಬಿಸಿಲಿಗೆ ನಿಲ್ಲಿಸಿ ಫೋಟೋಕ್ಕೆ ತಯಾರಿ ನಡೆದಿತ್ತು. ಕಾಕು ಅದೇ ಇಳಕಲ್ ಸೀರೆ ಉಟ್ಟಿದ್ದರು. ಕಾಕಾ ಅಂಗೈ ಚಾಚಿ ಅಳೆದು, ತಿರುಗಿಸತೊಡಗಿದರು. ಹಳೆಯ ಹೆದರಿಕೆಗೆ ನಾನು ಅಂಕಿ ನೋಡಲು ಬಗ್ಗಿದರೆ, ಪರದೆಗೆ ಕೈ ಅಡ್ಡ ಹಿಡಿದರು.

"ನಂಬರ್ ನೋಡಬ್ಯಾಡ. ಸೀರಿ ಯಾವ ಬಣ್ಣ, ಹೇಳು."

"ನೀಲಿ, ಕಾಕಾ."

"ಹೂಂ" ಎಂದರು, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ನನಗೂ ನೀಲೀನ."