ಒಂದು ಬಸ್ಸಿಗೆ ನಾಲ್ಕು ಸೀರೆ

ನನ್ನ ಮೊದಲ ಕಿರುಚಿತ್ರಕ್ಕೆ ಇದ್ದವರು ಮೂವರೇ. ಒಡೆದ ಗಾಜಿನ ಮೊಬೈಲ್ ಹಿಡಿದ ನಿರ್ದೇಶಕ ನಾನು. ನಾಯಕಿ ಯಾದಗಿರಿ ಹತ್ತಿರದ ಮುದನಾಳದ ನನ್ನ ಸೋದರತ್ತೆ. ಎಡಿಟಿಂಗಿಗೆ ಶಹಾಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಗೆಳೆಯ. ಬಡ ಹೆಂಗಸೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಒಂದು ಬಸ್ಸಿಗೆ ಕಾಯುತ್ತಾಳೆ, ಅಷ್ಟೇ ಕತೆ. ಅತ್ತೆಗೆ ಭಾನುವಾರ ಮಾತ್ರ ಬಿಡುವು. ಹಾಗಾಗಿ ನಾಲ್ಕು ಭಾನುವಾರ ಯಾದಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಶೂಟಿಂಗ್ ನಡೆಯಿತು. ನಾನು ಒಂದು ಕಣ್ಣು ಮುಚ್ಚಿ, ಬೆರಳುಗಳಲ್ಲಿ ಚೌಕಟ್ಟು ಮಾಡಿ, ಲೋಕಪ್ರಸಿದ್ಧ ನಿರ್ದೇಶಕನಂತೆ ಬೆಳಕು ನೋಡಿದೆ. ಸೀರೆ ನೋಡಲಿಲ್ಲ.

ಎಡಿಟಿಂಗಿಗೆ ಕೂತ ಗೆಳೆಯ ಕುರ್ಚಿಯಿಂದ ಬೀಳುವಷ್ಟು ನಕ್ಕ. "ಒಂದ ಬಸ್ಸಿಗೆ ಕಾಯಾಕಿ ನಾಕ್ ಸೀರಿ ಉಟ್ಟಾಳಲ್ಲಲೇ! ಮತ್ತ ತೆಗಿ, ಇಲ್ಲಂದ್ರ ಅಳಿಸಿಬಿಡು."

ಅತ್ತೆಯ ಬಳಿ ಓಡಿದೆ. "ಅತ್ತಿ, ಒಂದ ಸೀರಿಯೊಳಗ ಇನ್ನೊಮ್ಮಿ ಮಾಡೂಣು?"

"ವಾರವಾರ ಅದ ಸೀರಿ ಉಟ್ಟು ಪ್ಯಾಟಿಗೆ ಬಂದ್ರ ಮಂದಿ ಏನಂತಾರ? ನಿನ್ನ ಸಿನಿಮಾದಾಗ ನಾ ಬಡವಿ ಇರಬಹುದು, ಯಾದಗಿರಿಯೊಳಗ ಅಲ್ಲ, ತಿಳೀತಿಲ್ಲೊ?"

ಬಡವಿ ಎಂದರೆ ಒಂದೇ ಸೀರೆ ಎಂದು ನನಗೆ ಹೇಳಿದವರಾದರೂ ಯಾರು? ಒಂದು ಶಾಟನ್ನೂ ಅಳಿಸಲಿಲ್ಲ.

ಸುರಪುರದಲ್ಲಿ ನಮ್ಮ ಮನೆಯ ಗೋಡೆಯ ಮೇಲೆ ಚಿತ್ರ ತೋರಿಸಿದಾಗ ಪಕ್ಕದ ಮನೆಯ ಮಾಸ್ತರರು ಕೂಗಿದರು: "ಡೈರೆಕ್ಟರ್ ಸಾಹೇಬ್ರ, ಬಸ್‌ಸ್ಟ್ಯಾಂಡಿನ್ಯಾಗ ಸೀರಿ ಅಂಗಡಿ ಐತೇನ್ರಿ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಆಮೇಲೆ ಎದ್ದು ನಿಂತು ಹೇಳಿದೆ: "ನಾಯಕಿ ಆಕಿ, ಸೀರಿನೂ ಆಕೀವು. ನಾ ಬರೇ ಮೊಬೈಲ್ ಹಿಡದಾವ್ರಿ. ಯಾರ ಏನಂದ್ರೂ ಅಳಸಂಗಿಲ್ಲ."

ಮುಂದಿನ ಸಾಲಿನಲ್ಲಿದ್ದ ಅತ್ತೆ ತನ್ನ ಐದನೆಯ ಸೀರೆಯ ಸೆರಗು ಸರಿಮಾಡಿಕೊಂಡಳು.