ಹದಿನಾಲ್ಕು ತುಂಬುವ ಮೊದಲು

ನಾವು ಜರ್ಮನಿಯ ರೇಗನ್ಸ್‌ಬರ್ಗಿಗೆ ಬಂದ ಹೊಸತರಲ್ಲಿ ಮೇಲಿನ ಮನೆಯ ಧಾರವಾಡದ ಅಕ್ಕನಿಗೆ ನನ್ನನ್ನು ಕಂಡರೆ ಹೊಟ್ಟೆಕಿಚ್ಚು. "ನಿಮಗೇನ್ ಬಿಡ್ರಿ, ನಿಮ್ಮ ದೇವರ ಊರಿಗೇ ಬಂದೀರಿ. ನಾವು ಗಣಪ್ಪನ್ನ ಸೂಟ್‌ಕೇಸಿನ್ಯಾಗ ತರಬೇಕು," ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಎಲ್ಲಿ ನೋಡಿದರೂ ಚರ್ಚಿನ ಗೋಪುರ, ಗಂಟೆ. ಅಂಗಡಿಯವರು ಕೂಡ ದೇವರ ಹೆಸರು ಹೇಳಿಯೇ ನಮಸ್ಕರಿಸುತ್ತಾರೆ. ಮಗಳ ಭಕ್ತಿಯನ್ನು ಊರೇ ನೋಡಿಕೊಳ್ಳುತ್ತದೆ, ನನಗೆ ಅರ್ಧ ಕೆಲಸ ತಪ್ಪಿತು ಎಂದು ಖುಷಿಪಟ್ಟೆ.

ಮೊದಲ ಭಾನುವಾರವೇ ಆ ಖುಷಿ ಇಳಿಯಿತು. ಮೈಸೂರಿನಲ್ಲಿ ಪೂಜೆಗೆ ತಡವಾದರೆ ಬಾಗಿಲಾಚೆ ಬಿಸಿಲಲ್ಲಿ ನಿಲ್ಲಬೇಕು. ಇಲ್ಲಿ ಬೆಂಚಿಗೊಬ್ಬರು ಅಜ್ಜಿ. ಹಿಂದೆ ಪ್ರವಾಸಿಗಳು ಚಾವಣಿಯ ಫೋಟೋ ತೆಗೆಯುತ್ತಿದ್ದರು. ಬಲಿಪೀಠದ ಬಳಿ ನಿಂತಿದ್ದ ಫಾದರ್ ನೋಡಿದರೆ ಕೇರಳದವರು! ಈ ಕಡೆಯವರ ಹಿರಿಯರು ಹಡಗು ಹತ್ತಿ ಬಂದು ನಮಗೆ ಕಲಿಸಿದ್ದನ್ನು ಈಗ ನಾವು ವಿಮಾನದಲ್ಲಿ ವಾಪಸ್ ತಂದುಕೊಡುತ್ತಿದ್ದೇವೆ.

ಆದರೂ ಮನೆಯಲ್ಲಿ ಜಪಸರದ ಪ್ರಾರ್ಥನೆ ತಪ್ಪಿಸಲಿಲ್ಲ. ಸಂಜೆ ಕುಕ್ಕರ್ ಇಟ್ಟು, ಮಾತೆ ಮರಿಯಳ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಮಗಳನ್ನು ಕೂಗುತ್ತಿದ್ದೆ. ಕನ್ನಡದಲ್ಲಿ ಬೈದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಹುಡುಗಿ ಪ್ರಾರ್ಥನೆಯನ್ನು ಮಾತ್ರ ಕನ್ನಡದಲ್ಲೇ ಹೇಳುತ್ತಿದ್ದಳು. ಅರ್ಥ ಎಷ್ಟಾಗುತ್ತಿತ್ತೋ ಆ ದೇವರಿಗೇ ಗೊತ್ತು. ನನ್ನ ಗಂಡನಿಗೆ ಸರಿಯಾಗಿ ಅದೇ ಹೊತ್ತಿಗೆ ಆಫೀಸಿನ ಮೀಟಿಂಗ್ ಬರುತ್ತಿತ್ತು, ಆ ಮಾತು ಬೇರೆ.

ಒಂದು ದಿನ ಊಟಕ್ಕೆ ಕೂತಾಗ ಮಗಳು ಬಾಂಬ್ ಸಿಡಿಸಿದಳು. "ಅಮ್ಮ, ಹದಿನಾಲ್ಕು ಆದ್ಮೇಲೆ ನನ್ನ ರಿಲಿಜನ್ ನಾನೇ ಡಿಸೈಡ್ ಮಾಡ್ಬಹುದು. ದಾಸ್ ಇಸ್ಟ್ ಗೆಝೆಟ್ಸ್."

"ಯಾವ ಸೀಮೆ ಕಾನೂನೇ ಅದು? ಯಾರ್ ಹೇಳಿದ್ದು ನಿಂಗೆ?"

"ರಿಲಿಜನ್ ಟೀಚರ್."

ಕೇಳಿದಿರಾ! ಧರ್ಮೋಪದೇಶ ಮಾಡಿ ಎಂದು ಕೂರಿಸಿದವರೇ ಹೊರಬಾಗಿಲು ತೋರಿಸಿದ್ದರು.

ಆಗ ಅವಳಿಗೆ ಹದಿಮೂರೂವರೆ. ತಲೆತಲಾಂತರದಿಂದ ಬಂದದ್ದು ನನ್ನ ಕೈಯಲ್ಲೇ ನಿಂತುಹೋಗುತ್ತದಲ್ಲ ಎಂದು ಉಳಿದ ತಿಂಗಳುಗಳನ್ನು ಎಣಿಸಿದೆ. ಪರೀಕ್ಷೆಗೆ ಮುಂಚೆ ಪೋರ್ಷನ್ ಮುಗಿಸುವ ಮೇಷ್ಟ್ರ ಹಾಗೆ ಸಂತರ ಕಥೆ, ಶಿಲುಬೆಯ ಹಾದಿ, ಶುಕ್ರವಾರದ ಉಪವಾಸ ಎಲ್ಲವನ್ನೂ ಒಂದೇ ಸಮನೆ ತುರುಕಿದೆ. ಜಪಸರ ಆದ ಮೇಲೆ ಮಸಾಲೆ ದೋಸೆ ಎಂದೂ ಆಸೆ ತೋರಿಸಿದೆ. ಆಮಿಷ ಒಡ್ಡುತ್ತಾರೆ ಎಂದು ಊರಲ್ಲಿ ನಮ್ಮವರ ಮೇಲೆ ಹೊರಿಸುವ ಆರೋಪವನ್ನು ಸ್ವಂತ ಮಗಳ ವಿಷಯದಲ್ಲಿ ನಿಜ ಮಾಡಿಬಿಟ್ಟೆ. ಫಾದರ್ ಹತ್ತಿರ ಹೋಗಿ ಗೋಳಾಡಿದರೆ, ಅವಸರಪಡಬೇಡಿ ಎಂದರು. ಅವರಿಗೇನು, ಮಕ್ಕಳೇ ಮರಿಯೇ!

ಹುಟ್ಟುಹಬ್ಬ ಬಂದೇಬಂತು. ಕೇಕ್ ಆಯಿತು, ಗೆಳತಿಯರು ಹೊರಟರು. ಸಂಜೆ ಮೇಣದಬತ್ತಿ ಹಚ್ಚಿದೆ, ಆದರೆ ಕೂಗಲಿಲ್ಲ. ಕಾನೂನಂತೆ, ಇರಲಿ. ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಹೇಳುವ ಅರ್ಧ, ಅವಳು ಹೇಳಬೇಕಾದ ಅರ್ಧ, ಎರಡನ್ನೂ ನಾನೇ ಹೇಳುತ್ತಾ ಹೋದೆ, ಬೇಕೆಂದೇ ಸ್ವಲ್ಪ ಜೋರಾಗಿ. ಕೊನೆಗೆ ಮಾತೆಯನ್ನು ರಾಣಿಯೇ ಎಂದು ಕರೆಯುವ ಉದ್ದದ ಪ್ರಾರ್ಥನೆ ಬಂತು. ಅದು ಚಿಕ್ಕಂದಿನಿಂದಲೂ ಅವಳ ಪಾಲಿನದು. ಒಂದೇ ಉಸಿರಿಗೆ ಒದರಿ ಊಟಕ್ಕೆ ಓಡುತ್ತಿದ್ದಳು. ನಾನು ಅದನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ! ನಡುವೆ ಸಿಕ್ಕಿಹಾಕಿಕೊಂಡೆ. ಮೊದಲಿನಿಂದ ಹೇಳಿ ನೋಡಿದೆ, ಮತ್ತೆ ಅಲ್ಲೇ ತಡವರಿಸಿದೆ.

ಕೋಣೆಯ ಬಾಗಿಲು ತೆರೆಯಿತು. "ಅಮ್ಮ, ತಪ್ಪು," ಎಂದವಳು ಅಲ್ಲೇ ನಿಂತು ನಾನು ಮರೆತ ಸಾಲನ್ನು ಹೇಳಿದಳು.

ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ನೀನು ಬಿಡಲ್ಲ ತಾನೇ?"

"ವೈಸ್ ಇಶ್ ನಿಷ್ಟ್. ಗೊತ್ತಿಲ್ಲ ಅಮ್ಮ." ಬಂದು ನನ್ನ ಪಕ್ಕ ಕೂತಳು. "ನಾನು ಬಿಟ್ರೂ ನೀನು ನನಗೋಸ್ಕರ ಪ್ರೇ ಮಾಡ್ತೀಯಲ್ವಾ?"

"ಮಾಡ್ದೆ ಇರ್ತೀನೇನೇ?"

"ಹಾಗಾದ್ರೆ ಸರಿಯಾಗಿ ಕಲ್ತ್ಕೊ. ನಾನು ಹೇಳ್ಕೊಡ್ತೀನಿ, ನನ್ ಹಿಂದೆ ಹೇಳು."

ಸಿಟ್ಟು ಬಂತು, ಅಳುವೂ ಬಂತು. ಅವಳು ಒಂದೊಂದೇ ಸಾಲು ಹೇಳಿಕೊಟ್ಟಳು, ನಾನು ಕೈಮುಗಿದು ಹೇಳಿದೆ.