ಸರೋಜಾ ಮೇಡಂ ಕುಡಿತ ಬಿಟ್ಟದ್ದು

ಸರೋಜಾ ಮೇಡಂ ಬರುವ ಮೊದಲೇ ಏಲಕ್ಕಿಯ ವಾಸನೆ ಬರುತ್ತಿತ್ತು. ಜಯನಗರದ ಶಾಲೆಯಲ್ಲಿ ಅವರು ನಮಗೆ ಗಣಿತ ಕಲಿಸುವಾಗ ಏಲಕ್ಕಿ ಜಗಿಯುವ ಈ ಅಭ್ಯಾಸ ಇರಲಿಲ್ಲ. ಆಗ ಅವರ ಬಾಯಲ್ಲಿದ್ದದ್ದು ಒಂದೇ ಮಾತು: "ಸ್ಟೆಪ್ಸ್ ತೋರಿಸ್ರೇ, ಉತ್ತರ ಯಾರು ಬೇಕಾದ್ರೂ ಕದೀತಾರೆ."

ಎಷ್ಟೋ ವರ್ಷಗಳ ನಂತರ ಬನಶಂಕರಿಯಲ್ಲಿ ಅವರ ಮನೆಯ ಮಹಡಿಗೇ ನಾನು ಬಾಡಿಗೆಗೆ ಬಂದೆ. ಮೇಡಂಗೆ ಎಪ್ಪತ್ತು ದಾಟಿತ್ತು. ಕೆಳಗೆ ಅವರು, ಮಗ ಪ್ರಸಾದ್, ಸೊಸೆ. ನಾನು ಹುಳಿ ಮಾಡಿ ಕೊಟ್ಟರೆ ರುಚಿ ನೋಡಿ, "ನೂರಕ್ಕೆ ಅರವತ್ತೆರಡು" ಎಂದು ಅಂಕ ಕೊಡುತ್ತಿದ್ದರು.

ಒಮ್ಮೆ ಬಚ್ಚಲಲ್ಲಿ ಬಿದ್ದರು. ಮಗ ಊರಲ್ಲಿರಲಿಲ್ಲ, ನಾನೇ ಕ್ಲಿನಿಕ್ಕಿಗೆ ಕರೆದೊಯ್ದೆ. ಡಾಕ್ಟರು ಬಿಪಿ ನೋಡಿ, ಶುಗರ್ ವಿಚಾರಿಸಿ, "ವಯಸ್ಸಾಯ್ತಲ್ಲಮ್ಮ" ಎಂದು ತಲೆಸುತ್ತಿಗೆ ಮಾತ್ರೆ ಬರೆದರು. ಹೊರಗೆ ಬಂದ ಮೇಡಂ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಇವರಾದ್ರೂ ಕೇಳ್ತಾರೆ ಅಂದ್ಕೊಂಡಿದ್ದೆ ಕಣೇ ಸುಮಾ."

"ಏನು ಮೇಡಂ?"

"ಕುಡೀತೀರಾ ಅಂತ."

ಯಜಮಾನರು ತೀರಿಕೊಂಡ ಮೇಲೆ ನಿದ್ದೆ ಬರಲೆಂದು ಒಂದು ಮುಚ್ಚಳ ಬ್ರಾಂದಿಯಿಂದ ಶುರುವಾದದ್ದು. ಈಗ ಬೆಳಗ್ಗೆ ಕೈ ನಡುಕ ನಿಲ್ಲಬೇಕಾದರೂ ಅದೇ ಬೇಕು. ಈ ಕಡೆಯೆಲ್ಲ ಅವರ ಶಿಷ್ಯೆಯರು. ಹಾಗಾಗಿ ತರಕಾರಿ ಚೀಲ ಹಿಡಿದು, ಬಸ್ಸು ಹತ್ತಿ ಬಿಟಿಎಂ ಬಡಾವಣೆಯವರೆಗೆ ಹೋಗಿ ತರುತ್ತಿದ್ದರಂತೆ.

ಅವರ ಒಪ್ಪಿಗೆ ಪಡೆದು ಪ್ರಸಾದ್‌ಗೆ ತಿಳಿಸಿದೆ. ಅವನು ಎದ್ದು ಹೋಗಿ ಬಾಗಿಲು ಮುಚ್ಚಿದ. "ಯಾರಿಗೂ ಹೇಳ್ಬೇಡಿ. ಮನೇಲೇ ಬಿಡಿಸ್ತೀವಿ."

ಬಾಟಲಿಗಳಲ್ಲಿದ್ದದ್ದು ಮೋರಿಗೆ ಹೋಯಿತು, ಗೇಟಿಗೆ ಬೀಗ ಬಿತ್ತು. ನೆಂಟರ ಹತ್ತಿರ, "ಅಮ್ಮನಿಗೆ ಮರೆವು" ಎಂದರು. ಮೂರನೆಯ ದಿನ ಮೇಡಂ ಬೆವರಿ, ನಡುಗಿ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಸೆರಗಿನಿಂದ ಒರೆಸತೊಡಗಿದರು. ಗಾಬರಿಬಿದ್ದ ಪ್ರಸಾದ್ ತಾನೇ ಓಡಿಹೋಗಿ ಬ್ರಾಂದಿ ತಂದು ಕುಡಿಸಿದ. ಅಲ್ಲಿಂದಾಚೆ ಮನೆಯಲ್ಲಿ ಅದೇ ಪದ್ಧತಿಯಾಯಿತು. ಬೀಗವೂ ಇತ್ತು, ದಿನಕ್ಕೆ ಎರಡು ಹೊತ್ತು ಅಳತೆಯ ಬ್ರಾಂದಿಯೂ ಇತ್ತು.

ಕಿಟಕಿಯ ಕಂಬಿ ಹಿಡಿದು ಮೇಡಂ ನನಗೆ ಹೇಳಿದರು: "ಮೊದ್ಲು ಕದ್ದು ಕುಡೀತಿದ್ದೆ. ಈಗ ಮಗನೇ ಕುಡಿಸ್ತಾನೆ, ಮುಖ ಆ ಕಡೆ ತಿರುಗಿಸ್ಕೊಂಡು. ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೇ."

ಒಂದು ಗುರುವಾರ ಬೆಳಗ್ಗೆ ರಾಯರ ಮಠಕ್ಕೆಂದು ಸೊಸೆಗೆ ಹೇಳಿ, ಬೀಗ ತೆಗೆಸಿ, ಇಬ್ಬರೂ ಆಟೋ ಹತ್ತಿದೆವು. ಸರ್ಕಾರಿ ಆಸ್ಪತ್ರೆಯ ಕುಡಿತ ಬಿಡಿಸುವ ವಿಭಾಗದಲ್ಲಿ ಬೆಂಚುಗಳ ತುಂಬ ಗಂಡಸರು. ಚೀಟಿ ಬರೆಯುವಾಕೆ ನನ್ನನ್ನು ನೋಡಿ, "ಪೇಷಂಟ್ ಎಲ್ಲಮ್ಮ? ನಿಮ್ಮ ಮನೆಯವರಾ?" ಎಂದಳು.

"ನಾನೇ," ಎಂದರು ಮೇಡಂ, ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ.

ಅಲ್ಲಿ ಸೇರಿಸಿಕೊಳ್ಳಲು ಮನೆಯವರೊಬ್ಬರು ಜೊತೆಗಿರಬೇಕಿತ್ತು. ಬೇರೆ ದಾರಿಯಿಲ್ಲದೆ ಪ್ರಸಾದ್‌ಗೆ ಫೋನ್ ಮಾಡಿದೆ. ಅವನು ಬಂದವನು ಬಾಗಿಲಲ್ಲೇ ನಿಂತ.

"ನಡಿ ಅಮ್ಮ. ಯಾರಾದ್ರೂ ನೋಡ್ತಾರೆ."

"ನೋಡ್ಲಿ ಬಿಡೋ. ಮನೇಲಿ ನನ್ನ ಕೈಲೂ ಆಗಲ್ಲ, ನಿನ್ನ ಕೈಲೂ ಆಗಲ್ಲ. ಬಾ, ಕೂತ್ಕೋ."

ತುಂಬ ಹೊತ್ತಾದ ಮೇಲೆ ಅವನು ಬಂದು ಕೂತ. ಎರಡು ವಾರ ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಮಲಗಿದ.

ಮನೆಗೆ ಬಂದ ಮೇಲೆ ಐದು ತಿಂಗಳು ಮೇಡಂ ಒಂದು ತೊಟ್ಟೂ ಮುಟ್ಟಲಿಲ್ಲ. ಆದರೆ ಲಿವರ್ ಆಗಲೇ ಸೋತಿತ್ತು. ಕೊನೆಯ ಸಲ ನೋಡಿದಾಗ ಕಣ್ಣು ಹಳದಿಗಟ್ಟಿತ್ತು. "ಇನ್ನೊಂದು ನಾಲ್ಕು ವರ್ಷ ಮೊದ್ಲೇ ಆಸ್ಪತ್ರೆಗೆ ಹೋಗ್ಬೇಕಿತ್ತು, ಅಲ್ವಾ?" ಎಂದರು.

ಮೇಡಂ ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ದಿನ ಪ್ರಸಾದ್ ತುಪ್ಪದ ಮಿಳ್ಳೆ ಹಿಡಿದು ಊಟದ ಸಾಲು ವಿಚಾರಿಸುತ್ತಿದ್ದ. ಅವನ ಸೋದರಮಾವ, "ಕೊನೇಲಿ ಮರೆವು ಜಾಸ್ತಿ ಆಗಿತ್ತೇನೋ, ಪಾಪ," ಎಂದರು.

"ಇಲ್ಲ ಮಾವ. ಅಮ್ಮ ಕುಡೀತಿದ್ರು," ಎಂದ ಪ್ರಸಾದ್. ಸಾಲಿನಲ್ಲಿ ಕೈಗಳು ನಿಂತವು. "ತಾವೇ ಆಸ್ಪತ್ರೆಗೆ ಹೋಗಿ ಕುಡಿತ ಬಿಟ್ರು. ನಾನು ಅಡ್ಡ ಬಂದಿದ್ದೆ."

ಅವನು ಮುಂದಿನ ಎಲೆಗೆ ಬಾಗಿ ತುಪ್ಪ ಬಡಿಸಿದ.